ಅಮ್ಮನ ಪೂಜೆ: ನೀವು ಕೇಳಿದ್ದು, ನಾವು ಹೇಳುವುದು

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಹತ್ತಿರವಾದರೆ ದಾವಣಗೆರೆಯಿಂದ ನಮಗೆ ಬರುವ ಪತ್ರಗಳೆಲ್ಲ ಅಮ್ಮನವರ ಪೂಜೆಯ ಸುತ್ತಲೇ ಇರುತ್ತವೆ. ಈ ಸಲ ಚಿತ್ರದುರ್ಗದ ಕಡೆಯವರೂ ಬಹಳ ಕೇಳಿದ್ದಾರೆ. ಹೆಚ್ಚಿನ ಪತ್ರಗಳಲ್ಲಿ ಭಕ್ತಿಯ ಜೊತೆಗೆ ಅಂಜಿಕೆಯೂ ಇದೆ: ಹೀಗೆ ಮಾಡಿದರೆ ಅಮ್ಮ ಮುನಿಯುತ್ತಾಳಾ, ಹಾಗೆ ಬಿಟ್ಟರೆ ಕಾಡುತ್ತಾಳಾ? ಅಂಥ ಪತ್ರಗಳನ್ನೇ ಮುಂದೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಕೋಲ್ಕತ್ತಾಗೆ ಹೋಗಿದ್ದ ಬಂಧುಗಳು ಕಾಳಿಯ ಪಟ ತಂದುಕೊಟ್ಟರು. ಉಗ್ರದೇವತೆ ಮನೆಯಲ್ಲಿದ್ದರೆ ಜಗಳ ಹೆಚ್ಚುತ್ತದೆ ಎಂದು ನಮ್ಮತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ. ಇಡಬಹುದೇ, ಬಾರದೇ?
(ಗೃಹಿಣಿ, ವಿನೋಬನಗರ, ದಾವಣಗೆರೆ)

ಪಟವನ್ನು ಅಟ್ಟದಿಂದ ಇಳಿಸಿ, ಬಟ್ಟೆ ಬಿಚ್ಚಿ, ನಿಮ್ಮತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ನಿಧಾನವಾಗಿ ನೋಡಿ. ಬಂಗಾಳದ ಪಟವೆಂದರೆ ಬಹುಮಟ್ಟಿಗೆ ದಕ್ಷಿಣಕಾಳಿಯದು. ಅಮ್ಮನಿಗೆ ನಾಲ್ಕು ಕೈ. ಎಡಗಡೆಯ ಮೇಲಿನ ಕೈಯಲ್ಲಿ ಖಡ್ಗ, ಕೆಳಗಿನ ಕೈಯಲ್ಲಿ ಕಡಿದ ತಲೆ. ನಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗಿ, ಅಲ್ಲಿಯೇ ಹೆದರಿ ನಿಂತುಬಿಡುತ್ತದೆ. ಬಲಗಡೆಗೆ ಬನ್ನಿ. ಮೇಲಿನ ಕೈ ಅಭಯ, ಕೆಳಗಿನ ಕೈ ವರದ. ಕಡಿಯುವ ಎರಡು ಕೈ, ಕಾಯುವ ಎರಡು ಕೈ. ಕಡಿದ ತಲೆ ಭಕ್ತನದಲ್ಲ. ಅದನ್ನು ಅಹಂಕಾರದ ತಲೆ ಎಂದೇ ಉಪಾಸಕರು ಓದುತ್ತಾರೆ. ಕೊರಳಿನ ಮುಂಡಮಾಲೆಯ ಐವತ್ತು ತಲೆಗಳು ವರ್ಣಮಾಲೆಯ ಐವತ್ತು ಅಕ್ಷರಗಳು. ಮೈಯ ಕಪ್ಪಿಗೆ ಮಹಾನಿರ್ವಾಣ ತಂತ್ರ ಕೊಡುವ ಕಾರಣ ಇದು: ಬಿಳಿ, ಹಳದಿ ಮೊದಲಾದ ಬಣ್ಣಗಳೆಲ್ಲ ಕಪ್ಪಿನಲ್ಲಿ ಕರಗುವಂತೆ ಸಕಲ ಜೀವಗಳೂ ಕೊನೆಗೆ ಅವಳಲ್ಲಿ ಸೇರುತ್ತವೆ.

ಸಪ್ತಶತಿ ಎಂದೂ ಕರೆಯುವ ದೇವೀ ಮಹಾತ್ಮ್ಯದ ನಾಲ್ಕನೇ ಅಧ್ಯಾಯದಲ್ಲಿ, ಮಹಿಷಾಸುರ ಸತ್ತ ಮೇಲೆ ಇಂದ್ರಾದಿಗಳು ದೇವಿಯನ್ನು ಹೊಗಳುವಾಗ 'ಚಿತ್ತೇ ಕೃಪಾ ಸಮರನಿಷ್ಠುರತಾ ಚ ದೃಷ್ಟಾ' ಎನ್ನುತ್ತಾರೆ. ಮನಸ್ಸಿನಲ್ಲಿ ಕರುಣೆ, ಕಾಳಗದಲ್ಲಿ ಕಾಠಿಣ್ಯ, ಎರಡೂ ನಿನ್ನೊಬ್ಬಳಲ್ಲೇ ಕಂಡೆವು ಎಂದು. ಉಗ್ರತೆ ಯಾರ ಮೇಲೆ ಎಂಬುದಕ್ಕೆ ಇದಕ್ಕಿಂತ ನೇರವಾದ ಮಾತು ಬೇಕಿಲ್ಲ. ಮನೆಯವರ ಮೇಲಂತೂ ಅಲ್ಲ.

ಹಾಗಾದರೆ ಹಿರಿಯರು ಬೇಡ ಎನ್ನುವುದು ಏಕೆ? ಅದಕ್ಕೂ ಕಾರಣವಿದೆ. ಪ್ರಾಣಪ್ರತಿಷ್ಠೆ ಮಾಡಿದ ವಿಗ್ರಹಕ್ಕೆ ದಿನವೂ ತಪ್ಪದೆ ಪೂಜೆ, ನೈವೇದ್ಯ ಆಗಬೇಕು. ಉಗ್ರಮೂರ್ತಿಗೆ ಆ ನೇಮ ಇನ್ನೂ ಬಿಗಿ. ಊರಿಗೆ ಹೋದಾಗ ಬೀಗ ಹಾಕುವ ಮನೆಗೆ ಅದು ಹೊಂದುವುದಿಲ್ಲ. ಮನೆಯ ವಿಗ್ರಹ ಹೆಬ್ಬೆರಳಿನ ಗೆಣ್ಣಿನ ಅಳತೆಯಿಂದ ಒಂದು ಗೇಣಿನವರೆಗೆ ಇರಲಿ, ಅದಕ್ಕಿಂತ ದೊಡ್ಡದು ಬೇಡ ಎಂದು ಮತ್ಸ್ಯಪುರಾಣ ಹೇಳುವುದೂ ಇಂಥ ಲೆಕ್ಕದಲ್ಲೇ. ಪಟಕ್ಕೆ ಈ ಕಟ್ಟು ಇಲ್ಲ. ಪೂರ್ವದ ಅಥವಾ ಉತ್ತರದ ಗೋಡೆಗೆ ಹಾಕಿ, ಮಂಗಳವಾರ, ಶುಕ್ರವಾರ ಕೆಂಪು ದಾಸವಾಳ ಏರಿಸಿ, ಒಂದು ಚೂರು ಬೆಲ್ಲ ಇಟ್ಟು ಕೈಮುಗಿದರೆ ಸಾಕು. ಅತ್ತೆಯವರಿಗೆ ಇಷ್ಟು ಹೇಳಿದ ಮೇಲೂ ಮನಸ್ಸು ಒಪ್ಪದಿದ್ದರೆ ಹಟ ಮಾಡಬೇಡಿ. ಪಟವನ್ನು ಆಸೆಯಿಂದ ಕೇಳುವವರಿಗೆ ಕೊಡಿ. ಮರದ ಬುಡದಲ್ಲಿ, ಕಾಲುವೆಯ ದಂಡೆಯಲ್ಲಿ ಮಾತ್ರ ಬಿಟ್ಟುಬರಬೇಡಿ. ಹಾಗೆ ಬಿಟ್ಟ ಪಟಗಳು ಗಾಜು ಒಡೆದು, ಮಳೆಯಲ್ಲಿ ನೆನೆದು, ಕಾಲಡಿಗೆ ಬರುತ್ತವೆ.

ಪ್ರಶ್ನೆ: ಗಂಡನನ್ನು ತುಳಿದ ನಾಚಿಕೆಗೆ ಕಾಳಿ ನಾಲಿಗೆ ಕಚ್ಚಿಕೊಂಡಳು ಎನ್ನುತ್ತಾರೆ. ಇದು ಪುರಾಣದಲ್ಲಿ ಇದೆಯೇ?
(ಪಿಯು ವಿದ್ಯಾರ್ಥಿನಿ, ಚಿತ್ರದುರ್ಗ)

ದೇವೀ ಮಹಾತ್ಮ್ಯದಲ್ಲಿ ಇಲ್ಲ. ಅಲ್ಲಿ ಏಳನೇ ಅಧ್ಯಾಯದಲ್ಲಿ ಚಂಡ ಮುಂಡರು ಮೇಲೆ ಬಿದ್ದಾಗ ಅಂಬಿಕೆಯ ಮುಖ ಕೋಪಕ್ಕೆ ಕಪ್ಪಾಗಿ, ಗಂಟಿಕ್ಕಿದ ಹಣೆಯಿಂದ ಕಾಳಿ ಹೊರಬರುತ್ತಾಳೆ. ಒಣಗಿದ ಮೈ, ಕೈಯಲ್ಲಿ ತಲೆಬುರುಡೆಯ ಕೋಲಾದ ಖಟ್ವಾಂಗ, ಉಟ್ಟದ್ದು ಹುಲಿಯ ತೊಗಲು, ಹೊರಚಾಚಿ ಆಡುವ ನಾಲಿಗೆ. ಶಿವ ಅಲ್ಲೆಲ್ಲೂ ಕಾಲಡಿಯಲ್ಲಿಲ್ಲ. ನಾಲಿಗೆಯ ಕೆಲಸ ಮುಂದಿನ ಅಧ್ಯಾಯದಲ್ಲಿ ತಿಳಿಯುತ್ತದೆ. ರಕ್ತಬೀಜನ ನೆತ್ತರಿನ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಅವನಂಥ ಇನ್ನೊಬ್ಬ ಏಳುತ್ತಾನೆ. ಎಷ್ಟು ಹೊಡೆದರೆ ಅಷ್ಟು ಹೆಚ್ಚುತ್ತಾನೆ. ಆಗ ದೇವಿ ಕಾಳಿಗೆ ಬಾಯಿ ಅಗಲಿಸು ಎನ್ನುತ್ತಾಳೆ. ದೇವಿ ಹೊಡೆಯುತ್ತಾಳೆ, ಕಾಳಿ ಹನಿ ನೆಲ ಮುಟ್ಟುವ ಮೊದಲೇ ಕುಡಿಯುತ್ತಾಳೆ. ಕೆಡುಕನ್ನು ಹೊಡೆದರಷ್ಟೇ ಸಾಲದು, ಅದರ ಬೀಜ ನೆಲಕ್ಕೆ ಬೀಳದಂತೆ ನೋಡಿಕೊಳ್ಳಬೇಕು ಎಂಬುದೇ ಆ ನಾಲಿಗೆಯ ಅರ್ಥ.

ಶಿವನ ಮೇಲೆ ನಿಂತ ರೂಪ ತಂತ್ರದ ಧ್ಯಾನಶ್ಲೋಕಗಳಿಂದ ಬಂದದ್ದು. ಶಕ್ತಿ ಇಲ್ಲದ ಶಿವ ಅಲುಗಾಡಲಾರ ಎಂದು ಸೌಂದರ್ಯಲಹರಿಯ ಮೊದಲ ಶ್ಲೋಕ ಹೇಳುತ್ತದಲ್ಲ, ಅದೇ ಮಾತು ಇಲ್ಲಿ ಚಿತ್ರವಾಗಿದೆ. ನಾಚಿಕೆಯ ಕಥೆ ಜನ ಆಮೇಲೆ ಕಟ್ಟಿಕೊಂಡದ್ದು. ಹಗುರ ಮಾಡಬೇಕಿಲ್ಲ, ಪುರಾಣದ್ದೆಂದು ಪರೀಕ್ಷೆಯಲ್ಲಿ ಬರೆಯಲೂ ಬೇಡಿ.

ಪ್ರಶ್ನೆ: ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ. ಕೆಲವು ಚಟಪಟ ಸಿಡಿಯುತ್ತವೆ, ಕೆಲವು ಎರಡೇ ನಿಮಿಷಕ್ಕೆ ನಂದುತ್ತವೆ. ದೋಷವೇ? ರಾಹುಕಾಲದಲ್ಲೇ ಹಚ್ಚಬೇಕೇ?
(ಹರಿಹರದ ಓದುಗರು)

ದೋಷ ನಿಂಬೆಹಣ್ಣನ್ನು ಹದ ಮಾಡಿದ್ದರಲ್ಲಿದೆ. ಹಸಿರು, ದಪ್ಪ ಸಿಪ್ಪೆಯ ಕಾಯಿ ಬೇಡ. ಹಳದಿಗೆ ತಿರುಗಿದ, ತೆಳು ಸಿಪ್ಪೆಯ, ಕಪ್ಪು ಚುಕ್ಕೆ ಇಲ್ಲದ ಹಣ್ಣು ಆರಿಸಿ. ಕೊಯ್ಯುವ ಮೊದಲು ಅಂಗೈ ಕೆಳಗೆ ನೆಲದ ಮೇಲಿಟ್ಟು ಒತ್ತಿ ಉರುಳಿಸಿ. ಸಿಪ್ಪೆ ಮೆದುವಾಗುತ್ತದೆ, ತಿರುವುವಾಗ ಸೀಳುವುದಿಲ್ಲ. ಅಡ್ಡಕ್ಕೆ ಸರಿಯಾಗಿ ಎರಡು ಹೋಳು ಮಾಡಿ, ರಸ ಹಿಂಡಿ, ಬೀಜ ತೆಗೆದು, ಹೆಬ್ಬೆರಳಿನಿಂದ ನಡುವೆ ಒತ್ತಿ ಒಳಗಿನದು ಹೊರಗಾಗುವಂತೆ ಬಟ್ಟಲು ಮಾಡಿ. ಇನ್ನು ಮುಂದಿನದನ್ನು ಹೆಚ್ಚಿನವರು ಬಿಡುತ್ತಾರೆ: ಒಣಬಟ್ಟೆಯಿಂದ ಬಟ್ಟಲನ್ನು ಒತ್ತಿ ಒರೆಸಿ, ಐದು ನಿಮಿಷ ಆರಲು ಬಿಡಬೇಕು. ಉಳಿದ ರಸ ಬಿಸಿ ತುಪ್ಪಕ್ಕೆ ತಾಗಿದಾಗಲೇ ಅದು ಸಿಡಿಯುವುದು.

ಬೇಗ ನಂದುವುದಕ್ಕೆ ಎರಡು ಕಾರಣ. ಒಂದು, ತೊಟ್ಟಿನ ಕಡೆಯ ಹೋಳಿನಲ್ಲಿ ಸಣ್ಣ ತೂತಾಗಿ ತುಪ್ಪ ಸೋರುವುದು. ಆ ಹೋಳಿನ ತೊಟ್ಟನ್ನು ಕೀಳದೆ ಬುಡಕ್ಕೆ ಕತ್ತರಿಸಿ. ಇನ್ನೊಂದು, ಬತ್ತಿ ಒಣದಾಗಿರುವುದು. ಎರಡು ಎಳೆ ಸೇರಿಸಿ ಹೊಸೆದ ಹತ್ತಿಯ ಬತ್ತಿಯನ್ನು ಮೊದಲೇ ತುಪ್ಪದಲ್ಲಿ ಅದ್ದಿಡಿ, ಆಮೇಲೆ ಬಟ್ಟಲಿಗೆ ಒಂದು ಚಮಚ ತುಪ್ಪ ಹಾಕಿ. ಹತ್ತು ಹದಿನೈದು ನಿಮಿಷ ಉರಿಯುತ್ತದೆ. ನಿಂಬೆಯ ದೀಪ ಅಷ್ಟೇ ಹೊತ್ತಿನದು. ಮತ್ತೆ ಮತ್ತೆ ತುಪ್ಪ ಸುರಿದರೆ ಸಿಪ್ಪೆಯೇ ಹೊತ್ತಿ ಕರಟುತ್ತದೆ.

ರಾಹುಕಾಲ ಎಂದು ಕ್ಯಾಲೆಂಡರಿನಲ್ಲಿರುವ ಮಂಗಳವಾರ 3ರಿಂದ 4.30, ಶುಕ್ರವಾರ 10.30ರಿಂದ 12 ಎಂಬುದು ಬೆಳಗ್ಗೆ 6ಕ್ಕೆ ಸೂರ್ಯೋದಯ, ಸಂಜೆ 6ಕ್ಕೆ ಅಸ್ತ ಎಂದು ಹಿಡಿದ ಲೆಕ್ಕ. ಕರಾರುವಾಕ್ಕಾಗಿ ಬೇಕಾದರೆ ನಿಮ್ಮೂರಿನ ಹಗಲನ್ನು ಎಂಟು ಪಾಲು ಮಾಡಿ, ಮಂಗಳವಾರ ಏಳನೆಯದು, ಶುಕ್ರವಾರ ನಾಲ್ಕನೆಯದು ತೆಗೆದುಕೊಳ್ಳಿ. ಈ ದೀಪ ದೇವಿ ಗುಡಿಯಲ್ಲೇ ಹಚ್ಚುವುದು ರೂಢಿ. ಮನೆಯ ದೇವರ ಮುಂದೆ ಎಂದಿನ ಎಣ್ಣೆದೀಪವೇ ಇರಲಿ. ಗುಡಿಯಲ್ಲೂ ನೇರ ನೆಲದ ಮೇಲೆ ಇಡದೆ ತಟ್ಟೆಯಲ್ಲಿ ಅಕ್ಕಿ ಹರಡಿ ಇಡಿ. ಹುಳಿ ತಾಗಿದ ಅಮೃತಶಿಲೆ ಹೊಳಪು ಕಳೆದುಕೊಳ್ಳುತ್ತದೆ, ತುಪ್ಪ ಚೆಲ್ಲಿದ ಕಡೆ ವಯಸ್ಸಾದವರು ಜಾರುತ್ತಾರೆ.

ನಿಂಬೆಹಣ್ಣಿನ ಹಾರದ ಬಗ್ಗೆ ಕೇಳಿರುವ ಗುಡಿಯ ಅರ್ಚಕರಿಗೂ ಇಲ್ಲಿಯೇ ಒಂದು ಮಾತು. ಚುಚ್ಚಿದ ಹಣ್ಣಿನಿಂದ ರಸ ಜಿನುಗಿ ಪಂಚಲೋಹದ ಮೂರ್ತಿಗೂ ಹಿತ್ತಾಳೆಯ ಮುಖವಾಡಕ್ಕೂ ಹಸಿರು ಕಿಲುಬು ಹಿಡಿಸುತ್ತದೆ. ಹಾರದ ಕೆಳಗೆ ದಪ್ಪ ಹತ್ತಿ ಬಟ್ಟೆ ಹೊದಿಸಿ, ರಾತ್ರಿ ಬಾಗಿಲು ಹಾಕುವ ಮುಂಚೆ ಹಾರ ತೆಗೆದು ಒರೆಸಿ. ಮೂರು ದಿನ ಹಾಗೇ ಬಿಡುವುದು ಅಲಂಕಾರವಲ್ಲ.

ಪ್ರಶ್ನೆ: ನಮ್ಮಜ್ಜಿ ಊರಮ್ಮನಿಗೆ ಕುರಿ ಕೊಡುವ ಹರಕೆ ಹೊತ್ತು ತೀರಿಕೊಂಡರು. ನಮಗೆ ಪ್ರಾಣಿ ಕೊಲ್ಲಲು ಮನಸ್ಸಿಲ್ಲ, ಹರಕೆ ಬಿಡಲೂ ಭಯ. ದಾರಿ ಏನು?
(ಜಗಳೂರು ತಾಲ್ಲೂಕಿನ ರೈತ ಕುಟುಂಬ)

ಕಾನೂನಿನಿಂದ ಶುರು ಮಾಡೋಣ. ಗುಡಿಯ ಒಳಗಾಗಲಿ ಆವರಣದಲ್ಲಾಗಲಿ ಪ್ರಾಣಿಬಲಿ ಕೊಡುವುದನ್ನು 1959ರ ಕರ್ನಾಟಕ ಪ್ರಾಣಿಬಲಿ ನಿಷೇಧ ಕಾಯ್ದೆ ತಡೆಯುತ್ತದೆ. ಬಲಿ ಕೊಡುವವರಷ್ಟೇ ಅಲ್ಲ, ಅದನ್ನು ನಡೆಸಿಕೊಡುವವರೂ ಜಾಗ ಕೊಡುವವರೂ ಅದರ ಕೆಳಗೆ ಬರುತ್ತಾರೆ.

ಶಾಸ್ತ್ರದಲ್ಲಿ ಬಲಿಯೇ ಇಲ್ಲ ಎಂದು ನಾವು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ದೇವೀ ಮಹಾತ್ಮ್ಯದ ಹನ್ನೆರಡನೇ ಅಧ್ಯಾಯದಲ್ಲೇ ಬಲಿಯ ಮಾತು ಬರುತ್ತದೆ. ಆದರೆ ಬಲಿಯ ವಿಧಿಗಳನ್ನು ಎಲ್ಲಕ್ಕಿಂತ ವಿಸ್ತಾರವಾಗಿ ಹೇಳುವ ಕಾಳಿಕಾ ಪುರಾಣವೇ ಬೂದುಗುಂಬಳ ಮತ್ತು ಕಬ್ಬಿನ ಜಲ್ಲೆ ಬಲಿಗೆ ಸಮ, ಆಡಿನಷ್ಟೇ ತೃಪ್ತಿ ಅವುಗಳಿಂದಲೂ ದೇವಿಗೆ ಆಗುತ್ತದೆ ಎನ್ನುತ್ತದೆ. ಆದ್ದರಿಂದ ಕುಂಬಳಕಾಯಿ ಒಡೆಯುವುದು ಈಚಿನವರು ಮಾಡಿಕೊಂಡ ರಾಜಿ ಅಲ್ಲ. ಅಜ್ಜಿಯ ಹರಕೆ ಅದರಿಂದ ಪೂರ್ತಿ ತೀರುತ್ತದೆ.

ಕ್ರಮ ಹೀಗೆ. ಮೂರರಿಂದ ಐದು ಕಿಲೋ ತೂಗುವ, ತೊಟ್ಟು ಇರುವ, ಮೇಲೆ ಬಿಳಿ ಬೂದಿ ಉದುರದ ಕಾಯಿ ತನ್ನಿ. ತೊಳೆಯಬೇಡಿ. ತೊಟ್ಟಿನ ಪಕ್ಕ ಮೂರು ಮೂಲೆಯ ಬಿಲ್ಲೆ ಕೊಯ್ದು ತೆಗೆದು, ಒಳಗೆ ಎರಡು ಹಿಡಿ ಕುಂಕುಮ, ಚಿಟಿಕೆ ಸುಣ್ಣ ಹಾಕಿ, ಬಿಲ್ಲೆ ಮುಚ್ಚಿ. ಬಾಳೆಲೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಹರಕೆ ಹೊತ್ತವರ ಹೆಸರು ಹೇಳಿ, ಇಂಥವರು ಹೊತ್ತ ಹರಕೆಯನ್ನು ಇಂಥವರಾದ ನಾವು ತೀರಿಸುತ್ತಿದ್ದೇವೆ, ಒಪ್ಪಿಸಿಕೋ ತಾಯಿ ಎಂದು ಬೇಡಿಕೊಳ್ಳಿ. ಕರ್ಪೂರ ಬೆಳಗಿ, ಒಂದೇ ಏಟಿಗೆ ಎರಡು ಹೋಳಾಗುವಂತೆ ಕಡಿಯಬೇಕು. ಮೊಂಡು ಕತ್ತಿಯಾದರೆ ಕಾಯಿ ಉರುಳಿ ಕೈಗೆ ಪೆಟ್ಟಾಗುತ್ತದೆ. ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ಉರುಳುವುದಿಲ್ಲ.

ನೆತ್ತರಿನ ಜಾಗದಲ್ಲಿ ಓಕುಳಿ ಮಾಡಿಕೊಳ್ಳಿ. ಒಂದು ಲೀಟರ್ ನೀರಿಗೆ ಎರಡು ಚಮಚ ಅರಿಶಿನ ಕದಡಿ, ಅರ್ಧ ಚಮಚ ಎಲೆ ಸುಣ್ಣ ಹಾಕಿದರೆ ಕಣ್ಣೆದುರೇ ಹಳದಿ ಹೋಗಿ ಕಡುಗೆಂಪು ಏರುತ್ತದೆ. ಏರದಿದ್ದರೆ ಸುಣ್ಣ ಹಳೆಯದು. ಗಾಳಿಗೆ ಒಣಗಿ ಪುಡಿಯಾದ ಸುಣ್ಣ ಬರೀ ಸೀಮೆಸುಣ್ಣದಂತಾಗಿ ಖಾರ ಕಳೆದುಕೊಂಡಿರುತ್ತದೆ. ಹೊಸ ಡಬ್ಬಿ ತೆರೆಯಿರಿ. ಊರ ಗಡಿಗೆ ಚರಗ, ಅಂದರೆ ಎರಚುವ ಎಡೆ, ಚೆಲ್ಲುವ ಪದ್ಧತಿ ಇರುವ ಕಡೆ ಜೋಳಕ್ಕೆ ಇದೇ ಓಕುಳಿ ಬೆರೆಸಬಹುದು. ಮಕ್ಕಳ ಕಣ್ಣಿಗೆ ಎರಚದಂತೆ ನೋಡಿಕೊಳ್ಳಿ, ಸುಣ್ಣ ಸುಡುತ್ತದೆ.

ಒಡೆದ ಹೋಳುಗಳನ್ನು ರಸ್ತೆಯ ನಡುವೆ ಬಿಡುವುದು ದೊಡ್ಡ ತಪ್ಪು. ಆಯುಧಪೂಜೆಯ ಸಂಜೆ ಬೈಕಿನವರು ಜಾರಿ ಬೀಳುವುದು ಇದರಿಂದಲೇ. ಪೂಜೆ ಮುಗಿದ ಕೂಡಲೇ ಬದಿಗೆ ಗುಡಿಸಿ, ತಿಪ್ಪೆಗೆ ಹಾಕಿ. ಕುರಿಗೆ ಇಟ್ಟಿದ್ದ ಹಣದಲ್ಲಿ ಹೋಳಿಗೆ ಮಾಡಿಸಿ ಕೇರಿಗೆಲ್ಲ ಎಡೆ ಬಡಿಸಿದರೆ ಅಜ್ಜಿಯ ಹೆಸರೂ ಉಳಿಯುತ್ತದೆ.

ಪ್ರಶ್ನೆ: ಆರು ವರ್ಷದ ಮಗನಿಗೆ ಮೈಮೇಲೆ ಅಮ್ಮ ಎದ್ದಿದೆ. ಔಷಧಿ ಕೊಟ್ಟರೆ ತಾಯಿ ಸಿಟ್ಟಾಗುತ್ತಾಳೆ ಎಂದು ಮನೆಯಲ್ಲಿ ತಡೆಯುತ್ತಿದ್ದಾರೆ.
(ಚಳ್ಳಕೆರೆಯ ತಾಯಿ)

ಇಂದೇ ವೈದ್ಯರಿಗೆ ತೋರಿಸಿ. ಮಾರಮ್ಮನನ್ನು ನಂಬುವವರಾಗಿಯೇ ಹೀಗೆ ಹೇಳುತ್ತಿದ್ದೇವೆ.

ಹಿಂದೆ ಅಮ್ಮ ಎನ್ನುತ್ತಿದ್ದುದು ಮುಖ್ಯವಾಗಿ ಸಿಡುಬಿಗೆ. ಆ ರೋಗ ಲಸಿಕೆಯಿಂದ ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಈಗ ಬರುವುದು ಸಾಮಾನ್ಯವಾಗಿ ಚಿಕನ್‌ಪಾಕ್ಸ್. ಮನೆಯ ಹಿರಿಯರು ಮಾಡುವುದರಲ್ಲಿ ಒಳ್ಳೆಯದು ಬಹಳ ಇದೆ, ಅದನ್ನು ಬಿಡಬೇಡಿ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದರಿಂದ ಹೊರಗಿನವರಿಗೆ ಈ ಮನೆಯಲ್ಲಿ ಅಂಟುರೋಗ ಇದೆ ಎಂದು ತಿಳಿಯುತ್ತದೆ. ಮಗುವನ್ನು ಬೇರೆ ಮಲಗಿಸುವುದು, ಬಂಧುಗಳನ್ನು ಕರೆಯದಿರುವುದು ಸೋಂಕು ಹರಡದಿರಲು ಬೇಕಾದದ್ದೇ. ಮೊಸರನ್ನ, ಎಳನೀರು, ಅಂಬಲಿ ಜ್ವರದ ಬಾಯಿಗೆ ಹಿತ. ಒಗ್ಗರಣೆ ಹಾಕಬಾರದು ಎಂಬುದನ್ನೂ ಪಾಲಿಸಿ, ತೊಂದರೆ ಏನಿಲ್ಲ.

ಬಿಡಬೇಕಾದ್ದು ಇಷ್ಟು: ಔಷಧಿ ಬೇಡ ಎನ್ನುವುದು, ಗುಳ್ಳೆಯ ಮೇಲೆ ಬೇವಿನ ಕಡ್ಡಿಯಿಂದ ಉಜ್ಜುವುದು, ಸ್ನಾನವನ್ನೇ ನಿಲ್ಲಿಸುವುದು. ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದು ಒತ್ತಿ ಒರೆಸಿ, ಉಗುರು ಕತ್ತರಿಸಿ. ಜ್ವರಕ್ಕೆ ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಬೇರೆ ಯಾವ ಜ್ವರದ ಮಾತ್ರೆಯೂ ವೈದ್ಯರು ಹೇಳಿದ್ದೇ ಆಗಿರಲಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆ ಹಕ್ಕಳೆ ಕಟ್ಟುವವರೆಗೆ ಅಂಟುತ್ತದೆ. ಅಲ್ಲಿಯವರೆಗೆ ಶಾಲೆ ಬೇಡ, ಗರ್ಭಿಣಿಯರು ಹತ್ತಿರ ಬರುವುದು ಬೇಡ. ಉಸಿರಾಟ ಕಷ್ಟವಾದರೆ, ಮಗು ಮಂಕಾದರೆ, ಗುಳ್ಳೆ ಕೆಂಪೇರಿ ಕೀವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮಗ ಗುಣವಾದ ಮೇಲೆ ತಂಪು ಎಡೆ ಮಾಡಿ ಮಾರಮ್ಮನಿಗೆ ಒಯ್ದುಕೊಡಿ.

ಪ್ರಶ್ನೆ: ಕುಂಕುಮಾರ್ಚನೆಗೆ ತಂದ ಕುಂಕುಮ ಹಣೆಗೆ ಹಚ್ಚಿದರೆ ಉರಿಯುತ್ತದೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?
(ಚನ್ನಗಿರಿಯ ಓದುಗರು)

ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಮಾಡಿದ್ದೇ ನಿಜವಾದ ಕುಂಕುಮ. ಚಿಟಿಕೆಯಷ್ಟನ್ನು ಬಿಳಿ ತಟ್ಟೆಯಲ್ಲಿಟ್ಟು ನಾಲ್ಕು ಹನಿ ನಿಂಬೆರಸ ಹಾಕಿ. ಅರಿಶಿನದ್ದಾದರೆ ಹುಳಿಗೆ ಕೆಂಪು ಇಳಿದು ಹಳದಿಗೆ ಮರಳುತ್ತದೆ. ರಾಸಾಯನಿಕ ಬಣ್ಣವಾದರೆ ಕೆಂಪಾಗಿಯೇ ನಿಲ್ಲುತ್ತದೆ. ನೀರಿಗೆ ಹಾಕಿದ ಕ್ಷಣವೇ ಗುಲಾಬಿ ಬಣ್ಣ ಎಳೆ ಎಳೆಯಾಗಿ ಬಿಟ್ಟರೂ ಅದು ಬಣ್ಣದ ಪುಡಿಯೇ. ನಿಜ ಕುಂಕುಮ ಅಷ್ಟು ಕಣ್ಣು ಕೋರೈಸುವುದಿಲ್ಲ, ಸ್ವಲ್ಪ ಮಾಸಲು ಕೆಂಪು. ಅರ್ಚನೆಗೆ 108 ನಾಮಕ್ಕೆ 50 ಗ್ರಾಂ ಧಾರಾಳ. ಹೆಬ್ಬೆರಳು, ನಡುಬೆರಳು, ಉಂಗುರಬೆರಳಿನ ತುದಿಯಲ್ಲಿ ಹಿಡಿದಷ್ಟೇ ಹಾಕಬೇಕು, ಮುಷ್ಟಿ ತುಂಬ ಅಲ್ಲ.

ಪ್ರಶ್ನೆ: ನವರಾತ್ರಿಗೆ ಹಾಕಿದ ಘಟದ ಸಸಿ ಕೊಳೆತುಹೋಯಿತು, ನಂದಾದೀಪವೂ ಐದನೇ ದಿನ ಆರಿತು. ವರ್ಷವಿಡೀ ಕೆಡುಕೆಂದು ಒಬ್ಬರು ಹೇಳಿದರು.
(ಹೊಳಲ್ಕೆರೆಯ ಓದುಗರು)

ಕೆಡುಕು ಏನೂ ಇಲ್ಲ, ನೀರು ಹೆಚ್ಚಾಗಿದೆ. ಮಣ್ಣಿನ ಮಡಕೆಯಲ್ಲಿ ನೀರು ತುಂಬಿಟ್ಟರೆ ಅದು ತಾನೇ ಜಿನುಗಿ ಸುತ್ತಲ ಮಣ್ಣನ್ನು ಹಸಿಯಾಗಿಡುತ್ತದೆ. ಅದರ ಮೇಲೆ ದಿನವೂ ಚೊಂಬು ಚೊಂಬು ಸುರಿದರೆ ಕಾಳು ಉಸಿರುಗಟ್ಟಿ ಬೂಷ್ಟು ಹಿಡಿಯುತ್ತದೆ. ತಾಮ್ರದ ಅಥವಾ ಸ್ಟೀಲಿನ ಬಿಂದಿಗೆಯಾದರೆ ಮಾತ್ರ ಬೆಳಗ್ಗೆ, ಸಂಜೆ ಕೈಯಿಂದ ಚಿಮುಕಿಸಿ.

ಜರಡಿ ಹಿಡಿದ ಮಣ್ಣಿಗೆ ಕಾಲು ಪಾಲು ಒಣ ಸಗಣಿಗೊಬ್ಬರ ಬೆರೆಸಿ ಎರಡು ಬೆರಳು ದಪ್ಪ ಹಾಸಿ. ಕಾಳು ಆ ವರ್ಷದ ಬಿತ್ತನೆಯದಾಗಿರಲಿ. ಅಂಗಡಿಯ ನವಧಾನ್ಯ ಪೊಟ್ಟಣದಲ್ಲಿ ಹಳೆಯದು, ಹುಳು ಕೊರೆದದ್ದು, ಒಡೆದ ಬೇಳೆ ಎಲ್ಲ ಇರುತ್ತದೆ. ಎಂಟು ಗಂಟೆ ನೆನೆಸಿ, ಬಸಿದು, ಒಂದು ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಇಣುಕಿದ್ದನ್ನು ಒಂದರ ಮೇಲೊಂದು ಬೀಳದಂತೆ ಹರಡಿ ತೆಳ್ಳಗೆ ಮಣ್ಣು ಮುಚ್ಚಿ. ಜೋಳ, ಗೋಧಿ ಹೆಚ್ಚಿರಲಿ, ಅವೇ ನೆಟ್ಟಗೆ ಗೇಣುದ್ದ ಏಳುವುದು. ದೇವರ ಕೋಣೆ ಕತ್ತಲೆಯಾದರೆ ಸಸಿ ಬಂಗಾರದ ಹಳದಿ, ಬೆಳಕಿದ್ದರೆ ಹಸಿರು. ಎರಡೂ ಶುಭವೇ.

ದೀಪ ಆರುವುದು ಬತ್ತಿಯ ತುದಿಗೆ ಕಿಟ್ಟ ಕಟ್ಟಿದಾಗ. ಪಕ್ಕದಲ್ಲಿ ಇನ್ನೊಂದು ಸಣ್ಣ ದೀಪ ಇಟ್ಟುಕೊಳ್ಳಿ. ನಂದಾದೀಪದಿಂದ ಅದನ್ನು ಹಚ್ಚಿ, ಆಮೇಲೆ ಕಿಟ್ಟ ತೆಗೆದು ಬತ್ತಿ ಮುಂದಕ್ಕೆ ಎಳೆದು, ಆರಿದರೆ ಇದರಿಂದಲೇ ಮತ್ತೆ ಹಚ್ಚಿ. ಹೀಗೆ ಮಾಡಿದರೆ ಜ್ಯೋತಿ ಕಡಿಯುವುದಿಲ್ಲ. ದೀಪವನ್ನು ಮರಳು ತುಂಬಿದ ತಟ್ಟೆಯಲ್ಲಿಟ್ಟು, ಪರದೆಯಿಂದಲೂ ಗ್ಯಾಸ್ ಸಿಲಿಂಡರಿನಿಂದಲೂ ದೂರ ಇಡಿ. ರಾತ್ರಿ ನೋಡಿಕೊಳ್ಳಲು ಯಾರೂ ಇಲ್ಲದ ಮನೆಯಲ್ಲಿ ಎರಡು ಹೊತ್ತು ಹಚ್ಚಿದರೆ ಸಾಕು ಎಂಬುದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಸಪ್ತಶತಿಯನ್ನು ಒಂದೇ ದಿನ ಓದಲು ಆಗುವುದಿಲ್ಲ. ಹೇಗೆ ಹಂಚಿಕೊಳ್ಳಬೇಕು? ನವಾರ್ಣ ಮಂತ್ರ ಪುಸ್ತಕ ನೋಡಿ ಜಪಿಸಬಹುದೇ?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಏಳು ದಿನದ ಕ್ರಮದಲ್ಲಿ ಹದಿಮೂರು ಅಧ್ಯಾಯಗಳನ್ನು 1, 2, 1, 4, 2, 1, 2 ಎಂದು ಹಂಚುತ್ತಾರೆ. ಅಂದರೆ ಮೊದಲ ದಿನ ಒಂದನೆಯದು, ಎರಡನೇ ದಿನ 2 ಮತ್ತು 3, ಮೂರನೇ ದಿನ 4, ನಾಲ್ಕನೇ ದಿನ 5ರಿಂದ 8, ಐದನೇ ದಿನ 9 ಮತ್ತು 10, ಆರನೇ ದಿನ 11, ಕೊನೆಗೆ 12 ಮತ್ತು 13. ಅಧ್ಯಾಯದ ನಡುವೆ ಏಳಬೇಡಿ. ಎದ್ದರೆ ಆ ಅಧ್ಯಾಯ ಮೊದಲಿನಿಂದ. ಚರಿತ್ರೆ ಎಂಬ ಮೂರು ಭಾಗಗಳಲ್ಲಿ ಒಂದನ್ನೇ ಓದುವುದಾದರೆ ಮಧ್ಯಮ ಚರಿತ್ರೆ, ಅಂದರೆ 2ರಿಂದ 4, ಓದಬಹುದು. ಮೊದಲನೆಯದನ್ನಾಗಲಿ ಕೊನೆಯದನ್ನಾಗಲಿ ಒಂಟಿಯಾಗಿ ಓದುವ ಪದ್ಧತಿ ಇಲ್ಲ. ಪುಸ್ತಕ ಕೈಯಲ್ಲಿ ಹಿಡಿಯದೆ ವ್ಯಾಸಪೀಠದ ಮೇಲಿಡಿ. ಅಧ್ಯಾಯದ ಕೊನೆಯಲ್ಲಿ 'ಇತಿ', 'ವಧ', 'ಅಧ್ಯಾಯ', 'ಸಮಾಪ್ತ' ಎಂಬ ಪದಗಳನ್ನು ಬಾಯಲ್ಲಿ ಹೇಳುವುದಿಲ್ಲ. ಪುಸ್ತಕದಲ್ಲಿ ಅಚ್ಚಾಗಿದೆ ಎಂದು ಹಲವರು ಓದಿಬಿಡುತ್ತಾರೆ.

ನವಾರ್ಣ, ಅಂದರೆ ದೇವಿಯ ಒಂಬತ್ತು ಅಕ್ಷರದ ಮಂತ್ರ, ಗುರುಮುಖದಿಂದ ಬರಲಿ. ಅದಿಲ್ಲದವರಿಗೆ ನಾಲ್ಕನೇ ಅಧ್ಯಾಯದ ಸ್ತುತಿ, ಐದನೆಯದರ 'ಯಾ ದೇವೀ ಸರ್ವಭೂತೇಷು', ಹನ್ನೊಂದರ ನಾರಾಯಣೀ ಸ್ತುತಿ ಇದ್ದೇ ಇವೆ. ಸಂಸ್ಕೃತ ತೊಡಕಾದರೆ ಚಿದಾನಂದಾವಧೂತರ ದೇವಿ ಪುರಾಣವನ್ನು ನಮ್ಮ ಕಡೆಯ ಮನೆಗಳಲ್ಲಿ ನವರಾತ್ರಿಗೆ ಓದುತ್ತಲೇ ಬಂದಿದ್ದಾರೆ. ಅರ್ಥವಾಗದ್ದನ್ನು ಓಡಿಸುವುದಕ್ಕಿಂತ ಕನ್ನಡದಲ್ಲಿ ನಿಧಾನವಾಗಿ ಓದಿದ್ದು ಮೇಲು.

ಪ್ರಶ್ನೆ: ಬಾಯಿಬೀಗ ಹಾಕಿಸಿಕೊಳ್ಳದಿದ್ದರೆ ಅಮ್ಮ ಬಿಡುವುದಿಲ್ಲ ಎಂದು ಮೈಮೇಲೆ ದೇವರು ಬರುವವರೊಬ್ಬರು ಹೇಳಿದ್ದಾರೆ. ಶಾಂತಿಗೆ ದೊಡ್ಡ ಮೊತ್ತವನ್ನೂ ಕೇಳಿದ್ದಾರೆ.
(ಹಿರಿಯೂರಿನ ಓದುಗರು)

ಕೊಡಬೇಡಿ. ಕೆನ್ನೆಯಿಂದ ಕೆನ್ನೆಗೆ ಸರಳು ಚುಚ್ಚುವುದು, ಬೆನ್ನಿಗೆ ಕೊಕ್ಕೆ ಹಾಕಿ ಸಿಡಿ ಆಡಿಸುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಡಿ ಅಪರಾಧ. ಹೆಣ್ಣುಮಕ್ಕಳಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯೇ ತಡೆದಿತ್ತು, ಈಗಲೂ ಅದು ಅಪರಾಧ. ಅಂಥ ಒತ್ತಡ ಬಂದರೆ ಪೊಲೀಸರಿಗೆ ತಿಳಿಸಿ. ಅಮ್ಮನ ಖಡ್ಗ ರಾಕ್ಷಸರ ಮೇಲೆ ಎತ್ತಿದ್ದು. ಅದನ್ನು ಮಕ್ಕಳಿಗೆ ತೋರಿಸಿ ಹಣ ಕೀಳುವವರ ಮಾತನ್ನು ಅಮ್ಮನ ಮಾತೆಂದು ನಂಬಬೇಡಿ.

ಪ್ರಶ್ನೆ: ಪಾಳುಗುಡಿಯಲ್ಲಿ ಸಾಲಾಗಿ ಕೂತ ಏಳು ಹೆಣ್ಣುದೇವರ ಕಲ್ಲಿದೆ. ಊರಮ್ಮನ ಅಕ್ಕತಂಗಿಯರು ಎನ್ನುತ್ತಾರೆ. ಬಣ್ಣ ಹೊಡೆಸಬಹುದೇ?
(ಹೊಸದುರ್ಗ ತಾಲ್ಲೂಕಿನ ಯುವಕರು)

ಅದು ಸಪ್ತಮಾತೃಕೆಯರ ಫಲಕ. ಸಾಮಾನ್ಯವಾಗಿ ಒಂದು ತುದಿಗೆ ವೀರಭದ್ರ, ಇನ್ನೊಂದು ತುದಿಗೆ ಗಣಪತಿ ಇರುತ್ತಾರೆ. ಪೀಠದ ಕೆಳಗಿನ ವಾಹನ ನೋಡಿ: ಹಂಸವಾದರೆ ಬ್ರಾಹ್ಮಿ, ಎತ್ತು ಮಾಹೇಶ್ವರಿ, ನವಿಲು ಕೌಮಾರಿ, ಗರುಡ ವೈಷ್ಣವಿ, ಹಂದಿಮುಖದವಳು ವಾರಾಹಿ, ಆನೆ ಇಂದ್ರಾಣಿ, ಎಲುಬು ಕಾಣುವ ಮೈಯವಳು ಚಾಮುಂಡಿ. ಅಕ್ಕತಂಗಿಯರು ಎಂಬ ಊರಿನ ಮಾತೂ ಸರಿಯೇ. ಚಿತ್ರದುರ್ಗದಲ್ಲಿ ಬರಗೇರಮ್ಮ, ತಿಪ್ಪಿನಘಟ್ಟಮ್ಮನವರ ಭೇಟಿ ಉತ್ಸವ ನೋಡಿದವರಿಗೆ ಆ ನಂಟು ಗೊತ್ತು.

ಎನಾಮೆಲ್ ಬಣ್ಣ ಬೇಡವೇ ಬೇಡ. ಕಲ್ಲಿನೊಳಗಿನ ತೇವ ಹೊರಬರಲಾರದೆ ಪದರು ಪದರಾಗಿ ಎದ್ದು ಮುಖವೇ ಉದುರುತ್ತದೆ. ತಂತಿ ಬ್ರಷ್ಷಿನಿಂದ ತಿಕ್ಕುವುದೂ ಬೇಡ. ಬರೀ ನೀರು, ಮೆದು ಬಟ್ಟೆ. ಅರಿಶಿನ ಕುಂಕುಮ ಪಾದದ ಬಳಿ ಇರಲಿ.

ಪ್ರಶ್ನೆ: ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಈರುಳ್ಳಿ ಎಸೆಯುವುದು ಏಕೆ?
(ಬೆಂಗಳೂರಿನಲ್ಲಿರುವ ಚಳ್ಳಕೆರೆಯವರು)

ಬೆಳೆದದ್ದರ ಮೊದಲ ಪಾಲು ತಾಯಿಗೆ. ಆ ಸೀಮೆ ಈರುಳ್ಳಿ ಬೆಳೆಯುವ ಸೀಮೆ. ಬೆಳೆಗೆ ರೋಗ ಬಾರದಿರಲಿ, ಇಳುವರಿ ಕೈಹತ್ತಲಿ ಎಂದು ರೈತರು ಸೂರು ಬಿಡುತ್ತಾರೆ, ಅಂದರೆ ತಾಯಿಗೆಂದು ತೂರುತ್ತಾರೆ. ಗುಂಪಿನಲ್ಲಿ ಗುರಿಯಿಟ್ಟು ಬೀಸಬೇಡಿ, ಮೇಲಕ್ಕೆ ತೂರಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನುಗ್ಗಬೇಡಿ.

ಪ್ರಶ್ನೆ: ಜಾತ್ರೆಗೆ ಮೊದಲ ಸಲ ಉಡಿ ತುಂಬುತ್ತಿದ್ದೇನೆ. ಏನೇನು ಬೇಕು?
(ಹೊಸ ಸೊಸೆ, ದಾವಣಗೆರೆ)

ಐದು ಹಿಡಿ ಅಕ್ಕಿ, ಒಂದು ಜೊತೆ ಕೊಬ್ಬರಿ ಬಟ್ಟಲು, ಐದೈದು ಅರಿಶಿನದ ಕೊಂಬು, ಉತ್ತತ್ತಿ, ಅಡಿಕೆ, ವೀಳ್ಯದೆಲೆ, ಒಂದು ಅಚ್ಚು ಬೆಲ್ಲ, ಹಸಿರು ಬಳೆ, ಕುಪ್ಪಸದ ಕಣ. ಸೀರೆ ಕೊಡುವುದು ನಿಮ್ಮ ಶಕ್ತಿಗೆ ಬಿಟ್ಟದ್ದು. ಕೊಡುವುದಾದರೆ ಹತ್ತಿಯದೋ ರೇಷ್ಮೆಯದೋ ಇರಲಿ. ದೀಪ, ಕರ್ಪೂರದ ಪಕ್ಕದಲ್ಲಿ ಸಿಂಥೆಟಿಕ್ ಸೀರೆ ಕಿಡಿ ತಾಗಿದರೆ ಕರಗಿ ಮೂರ್ತಿಗೆ ಅಂಟಿಕೊಳ್ಳುತ್ತದೆ. ಅಕ್ಕಿಗೆ ಚಿಟಿಕೆ ಅರಿಶಿನ ಬೆರೆಸಿ, ಮುರುಕು ಕಾಳು, ಕಲ್ಲು ಆರಿಸಿ ತೆಗೆಯಿರಿ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯದೆ ಮೊರದಲ್ಲಿ ಅಥವಾ ಕಣದಲ್ಲಿ ಕಟ್ಟಿಕೊಂಡು ಹೋಗಿ. ಜಾತ್ರೆಯ ನೂಕುನುಗ್ಗಲಲ್ಲಿ ಒಳಗೆ ಹೋಗಲು ಆಗದಿದ್ದರೆ ಹಿಂದಿನ ಮಂಗಳವಾರ ಬೆಳಗ್ಗೆಯೇ ಹೋಗಿ ತುಂಬಿ ಬನ್ನಿ. ಅರ್ಚಕರು ಮರಳಿ ಕೊಡುವ ಹಿಡಿ ಅಕ್ಕಿಯನ್ನು ಡಬ್ಬಿಯಲ್ಲಿ ಇಟ್ಟು ಹುಳು ಹಿಡಿಸದೆ ಅದೇ ವಾರ ಪಾಯಸಕ್ಕೆ ಹಾಕಿ.